ಮೊದಲು ಮಾಳಿಗೆ, ಆಮೇಲೆ ಹೊಲ

ನಮ್ಮೂರ ಮಠದ ಟ್ರಸ್ಟಿನ ಕಟ್ಟಡ ಸಮಿತಿಯಲ್ಲಿ ನಾನು ಹಲವು ವರ್ಷಗಳಿಂದ ಇದ್ದೇನೆ. ಬಸ್ ನಿಲ್ದಾಣದ ಎದುರಿನ ವಾಣಿಜ್ಯ ಸಂಕೀರ್ಣ, ಅದರ ಮೇಲಿನ ಕಲ್ಯಾಣ ಮಂಟಪ, ಹಿಂಭಾಗದ ಪ್ರಸಾದ ನಿಲಯ ಇವುಗಳ ಬಾಡಿಗೆ, ದುರಸ್ತಿ, ನೀರು, ವಿದ್ಯುತ್ ಬಿಲ್ಲು ನೋಡಿಕೊಳ್ಳುವುದು ನಮ್ಮ ಪಾಲಿಗೆ ಬಂದ ಸೇವೆ. ಕಳೆದ ಬೇಸಿಗೆಯ ಒಂದು ಸಭೆಯಲ್ಲಿ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಈ ಲೇಖನದ ಮಾತು ಹುಟ್ಟಿದ್ದು ಅಲ್ಲಿ. ಅಲ್ಲಿ ತಪ್ಪಿದವರಲ್ಲಿ ನಾನೂ ಒಬ್ಬ.

ಸೋಲಾರ್ ಕಂಪನಿಯೊಂದರ ಪರವಾಗಿ ಒಬ್ಬರು ಸಭೆಗೆ ಬಂದಿದ್ದರು. ಹಿಂದೆ ಭಕ್ತರೊಬ್ಬರು ದಾಸೋಹಕ್ಕೆಂದು ಮಠಕ್ಕೆ ಬಿಟ್ಟುಕೊಟ್ಟ 18 ಎಕರೆ ಎರೆಹೊಲವನ್ನು ದೀರ್ಘಕಾಲದ ಲಾವಣಿಗೆ ಕೊಡಬೇಕು ಎಂಬುದು ಅವರ ಬೇಡಿಕೆ. ಮಳೆ ಬರಲಿ ಬಿಡಲಿ, ವರ್ಷ ವರ್ಷ ತಪ್ಪದೆ ಹಣ ಬರುತ್ತದೆ. ಬೀಜ ಗೊಬ್ಬರದ ಚಿಂತೆಯಿಲ್ಲ, ಆಳುಗಳ ಕಾಟವಿಲ್ಲ. ಜೊತೆಗೆ ಪರಿಸರಕ್ಕೂ ಒಳ್ಳೆಯದು ಎಂದರು. ಸಭೆಯಲ್ಲಿ ಯಾರೂ ಎದುರಾಡಲಿಲ್ಲ. ನಾನೂ ಕೈ ಎತ್ತಿದೆ. ಪೂಜ್ಯರ ಒಪ್ಪಿಗೆ ಪಡೆದು ಮುಂದಿನ ಸಭೆಯಲ್ಲಿ ಕರಾರು ಮಾಡುವುದೆಂದು ಠರಾವಾಯಿತು.

ಅದೇ ದಿನ ಮಧ್ಯಾಹ್ನ, ನೀರಿನ ಟಾಕಿ ಸೋರುತ್ತಿದೆ ಎಂದು ಕಾವಲುಗಾರ ಕರೆದನೆಂದು ಸಂಕೀರ್ಣದ ಮಾಳಿಗೆ ಹತ್ತಿದೆ. ಕಾಲಿಟ್ಟರೆ ಸುಡುವ ಸಿಮೆಂಟು. ಸುಮಾರು ಹತ್ತು ಸಾವಿರ ಚದರಡಿ ಜಾಗ. ಎರಡು ಟಾಕಿ, ಮುರಿದ ಕುರ್ಚಿಗಳ ರಾಶಿ, ಯಾವುದೋ ಮದುವೆಯ ಹಳೆಯ ಪೆಂಡಾಲಿನ ಬಿದಿರು ಬಿಟ್ಟರೆ ಬರೀ ಬಿಸಿಲು. ಪಕ್ಕದ ಬಟ್ಟೆ ಅಂಗಡಿಯ ಕಟ್ಟಡ, ಅದರಾಚೆಯ ಲಾಡ್ಜು, ಸಿನಿಮಾ ಟಾಕೀಸು, ಸಹಕಾರಿ ಬ್ಯಾಂಕು, ಎಪಿಎಂಸಿಯ ಗೋದಾಮುಗಳು ಕಣ್ಣಿಗೆ ಬಿದ್ದವು. ಎಲ್ಲ ಮಾಳಿಗೆಗಳೂ ಹೀಗೆಯೇ ಖಾಲಿ. ಬೆಳಗ್ಗೆಯಷ್ಟೇ ನಾವು ಬಿಸಿಲು ಹಿಡಿಯಲು ಜಾಗ ಬೇಕೆಂದು ಬೆಳೆಯುವ ಹೊಲವನ್ನು ಕೊಡಲು ಒಪ್ಪಿದ್ದೆವು. ನಮ್ಮ ತಲೆಯ ಮೇಲೇ ಇದ್ದ ಜಾಗ ಒಬ್ಬರಿಗೂ ನೆನಪಾಗಿರಲಿಲ್ಲ.

ಕೆಳಗಿಳಿದು ಬಂದರೆ ಆ ಹೊಲದಲ್ಲಿ ವರ್ಷಗಳಿಂದ ಕಸ ತೆಗೆಯುವ, ಕಡಲೆ ಕೀಳುವ ಹೆಣ್ಣುಮಗಳೊಬ್ಬಳು ದಾಸೋಹದ ಬಾಗಿಲಲ್ಲಿ ನಿಂತಿದ್ದಳು. ಸುದ್ದಿ ಅವಳಿಗೆ ಮುಟ್ಟಿತ್ತು. "ಅಜ್ಜಾರ ಹೊಲಾ ಕಂಪನಿಗೆ ಕೊಡ್ತಾರಂತಲ್ರಿ ಯಜಮಾನ್ರ, ಖರೇನ್ರಿ? ಹಂಗಾದ್ರ ನಾವು ಹದಿನೈದು ಮಂದಿ ಎಲ್ಲಿಗೆ ಹೋಗೂಣ್ರಿ?" ಎಂದು ಕೇಳಿದಳು. ಉತ್ತರ ಕೊಡಲಾಗಲಿಲ್ಲ. ದಾಸೋಹದಲ್ಲಿ ಊಟ ಮಾಡಿಕೊಂಡು ಹೋಗು ಎಂದೆ. ಕಾಯಕ ಕಿತ್ತುಕೊಂಡು ಪ್ರಸಾದ ಕೊಡುವುದು ದಾಸೋಹವೆನಿಸುತ್ತದೆಯೇ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಪಾವಗಡ ಕಲಿಸುವ ಎರಡು ಪಾಠ

ಸೌರ ವಿದ್ಯುತ್ತಿಗೆ ನಾನು ವಿರೋಧಿಯಲ್ಲ. ಅದು ಬೇಕು, ಬೇಗ ಬೇಕು. ನಮ್ಮ ಅಂಗಡಿಯ ಬೋರ್ಡು ಬೆಳಗುವ ವಿದ್ಯುತ್ತಿನಲ್ಲಿ ಒಂದು ಪಾಲು ರಾಯಚೂರಿನ ಶಕ್ತಿನಗರದಿಂದ ಬರುತ್ತದೆ. ಅಲ್ಲಿನ ಸ್ಥಾವರದ ಮೊದಲ ಘಟಕ 1985ರಲ್ಲಿ ಆರಂಭವಾಯಿತು; ಎಂಟು ಘಟಕಗಳು ಸೇರಿ ಅದರ ಸಾಮರ್ಥ್ಯ 1,720 ಮೆಗಾವ್ಯಾಟ್. ಬಳ್ಳಾರಿಯ ಕುಡತಿನಿಯಲ್ಲಿ ಇನ್ನೊಂದು, ಯರಮರಸ್‌ನಲ್ಲಿ ಮತ್ತೊಂದು. ಎಲ್ಲವೂ ಕಲ್ಲಿದ್ದಲು ಸುಡುವವು. ದೇಶದ ಸರಾಸರಿ ಲೆಕ್ಕದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಹಗಲಿಡೀ ನಾಲ್ಕು ಏಸಿ ಓಡಿಸುವ ಅಂಗಡಿಯವರು ಇದನ್ನು ನೋಡುವುದಿಲ್ಲ. ಬೂದಿ ಬೀಳುವುದು ಬೇರೆಯವರ ಅಂಗಳದಲ್ಲಿ.

ಆದರೆ ಸೌರ ವಿದ್ಯುತ್ತನ್ನು ಎಲ್ಲಿ ಹಿಡಿಯಬೇಕು, ಅದರ ಲಾಭ ಯಾರಿಗೆ ಸೇರಬೇಕು ಎಂಬುದು ಬೇರೆಯೇ ಪ್ರಶ್ನೆ. ತುಮಕೂರು ಜಿಲ್ಲೆಯ ಪಾವಗಡದ ಶಕ್ತಿಸ್ಥಳ ಇದಕ್ಕೆ ನಮ್ಮ ನಾಡಿನ ದೊಡ್ಡ ಉದಾಹರಣೆ. 2018ರಲ್ಲಿ ಉದ್ಘಾಟನೆಯಾದ ಈ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವ್ಯಾಟ್. ಐದು ಹಳ್ಳಿಗಳ ಸುಮಾರು 13,000 ಎಕರೆ ಭೂಮಿಯಲ್ಲಿ ಹರಡಿದೆ. ಸರ್ಕಾರ ಅಲ್ಲಿ ಭೂಮಿಯನ್ನು ರೈತರಿಂದ ಕಿತ್ತುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆಯಿತು. ಎರಡು ವರ್ಷಕ್ಕೊಮ್ಮೆ ಬಾಡಿಗೆ ಏರಿಸುವ ಕರಾರೂ ಇದೆ. ಬರ ಬಿದ್ದೇ ಬದುಕಿದ ಆ ಸೀಮೆಯ ಹಿಡುವಳಿದಾರರಿಗೆ ಇದು ದೊಡ್ಡ ಆಸರೆಯಾಯಿತು. ಇದು ಮೊದಲ ಪಾಠ: ಒಡೆತನ ಉಳಿಸಿಯೂ ಯೋಜನೆ ಮಾಡಬಹುದು.

ಎರಡನೆಯ ಪಾಠವನ್ನು ನಾವು ಕೇಳಿಸಿಕೊಳ್ಳುವುದಿಲ್ಲ. ಬಾಡಿಗೆ ಸಿಕ್ಕಿದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಭೂಮಿ ಇಲ್ಲದೆ ಕೂಲಿಯನ್ನೇ ನಂಬಿದ್ದವರ ಹೆಸರು ಯಾವ ಕರಾರಿನಲ್ಲೂ ಇರಲಿಲ್ಲ. ಹೊಲ ಗಾಜಿನ ಹಾಸಾದ ಮೇಲೆ ಕಳೆ ಕೀಳುವ, ಕೊಯ್ಲು ಮಾಡುವ ಕೆಲಸ ಹೋಯಿತು. ಕುರಿ ಮೇಯುವ ಬಯಲಿಗೆ ಬೇಲಿ ಬಿತ್ತು. ಹಲಗೆ ಒರೆಸುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಒಂದಷ್ಟು ಕೆಲಸ ಹುಟ್ಟಿತಾದರೂ ಹೋದಷ್ಟು ಬರಲಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಶರಣರು ಕಟ್ಟಿದ್ದು ಭೂಮಿ ಇದ್ದವರ ಧರ್ಮವನ್ನಲ್ಲ. ಅಂಬಿಗ, ಮಡಿವಾಳ, ಸಮಗಾರ, ಹಗ್ಗ ಹೊಸೆಯುವವ, ಬಿದ್ದ ಅಕ್ಕಿ ಆಯುವವ ಎಲ್ಲರಿಗೂ ಅನುಭವ ಮಂಟಪದಲ್ಲಿ ಆಸನವಿತ್ತು. ಅದು ಕಾಯಕದ ಬಲದಿಂದ ಬಂದ ಆಸನ. ಬಸವಣ್ಣನವರು ಸೋಲಾರ್ ಬಗ್ಗೆ ಆಗಲೇ ಹೇಳಿದ್ದರು ಎಂದು ಎಳೆದು ತರುವವನು ನಾನಲ್ಲ. ಅಂಥ ಭಾಷಣಗಳು ನಮ್ಮಲ್ಲಿ ಬೇಕಾದಷ್ಟಾಗಿವೆ. ನಾನು ಹೇಳುವುದಿಷ್ಟೇ: ಹದಿನೈದು ಜನರ ಕಾಯಕ ನಿಲ್ಲಿಸುವ ಠರಾವಿಗೆ ಕೈ ಎತ್ತುವ ಮೊದಲು, ಬಸವತತ್ತ್ವದ ಹೆಸರಿನಲ್ಲಿ ನಡೆಯುವ ಸಂಸ್ಥೆ ಬೇರೆ ದಾರಿ ಇದೆಯೇ ಎಂದು ನೋಡಬೇಕಿತ್ತು. ನಾವು ನೋಡಲಿಲ್ಲ.

ಹಾಗೆಂದು ನಮ್ಮ ಮಠಗಳಿಗೆ ನೆಲದ ಕಾಳಜಿ ಹೊಸದೇನಲ್ಲ. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಸುತ್ತಲಿನ ಫಲವತ್ತಾದ ಭೂಮಿ ಬೃಹತ್ ಉಕ್ಕಿನ ಕಾರ್ಖಾನೆಯ ಪಾಲಾಗುವುದನ್ನು ತಡೆದ ಹೋರಾಟದ ಮುಂಚೂಣಿಯಲ್ಲಿ ಗದುಗಿನ ತೋಂಟದಾರ್ಯ ಮಠದ ಲಿಂಗೈಕ್ಯ ಡಾ. ತೋಂಟದ ಸಿದ್ಧಲಿಂಗ ಸ್ವಾಮೀಜಿ ಇದ್ದರು. 2017ರಲ್ಲಿ ಕಪ್ಪತಗುಡ್ಡವನ್ನು ಮತ್ತೆ ಸಂರಕ್ಷಿತ ಪ್ರದೇಶವೆಂದು ಘೋಷಿಸುವವರೆಗೆ ಅವರು ಸುಮ್ಮನಾಗಲಿಲ್ಲ. 2025ರ ಫೆಬ್ರುವರಿಯಲ್ಲಿ ಕಾರ್ಖಾನೆಯ ವಿಸ್ತರಣೆಯ ವಿರುದ್ಧ ಕೊಪ್ಪಳದ ಜನ ಬೀದಿಗಿಳಿದಾಗ ಗವಿಮಠದ ಪೂಜ್ಯರೂ ಅವರ ಜೊತೆ ನಿಂತರು. ಬೇರೆಯವರ ಕಾರ್ಖಾನೆಯ ವಿಷಯದಲ್ಲಿ ಇಷ್ಟು ಗಟ್ಟಿಯಾಗಿ ಮಾತಾಡಿದ ಪರಂಪರೆ ನಮ್ಮದು. ಇನ್ನು ನಮ್ಮದೇ ಕಟ್ಟಡಗಳ ವಿಷಯಕ್ಕೆ ಬರೋಣ.

ಗಾಜು ಕೂರಿಸಿದವರು ಯಾರು, ಬಿಲ್ಲು ಕಟ್ಟುವವರು ಯಾರು

ನಮ್ಮ ಸಂಕೀರ್ಣಕ್ಕೆ ಮುಂಭಾಗದಲ್ಲಿ ಪೂರ್ತಿ ಗಾಜು ಹಾಕಿಸಿದ್ದು ನಾವೇ. ಹುಬ್ಬಳ್ಳಿಯ ಮಾಲ್ ನೋಡಿ ಬಂದು, ನಮ್ಮ ಮಠದ್ದೂ ಹಾಗೇ ಕಾಣಲಿ ಎಂದು ಒತ್ತಾಯಿಸಿದವರಲ್ಲಿ ನಾನು ಮೊದಲಿಗ. ಅದು ಪಶ್ಚಿಮದ ಮುಖ. ಮಧ್ಯಾಹ್ನ ಮೂರರ ನಂತರ ಇಡೀ ಬಿಸಿಲು ಗಾಜಿನೊಳಗೆ ಬಂದು ಅಲ್ಲೇ ಕೂರುತ್ತದೆ. ದೊಡ್ಡ ವಾಣಿಜ್ಯ ಕಟ್ಟಡಗಳಿಗೆಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೊ ರೂಪಿಸಿದ ಸಂಹಿತೆಯಲ್ಲಿ ಗೋಡೆಯ ಶೇ. 40ಕ್ಕಿಂತ ಹೆಚ್ಚು ಗಾಜು ಇರಬಾರದೆಂಬ ಸೂತ್ರವಿದೆ. ನಮಗೆ ಅದು ತಿಳಿದಿರಲಿಲ್ಲ. ತಿಳಿಯಬೇಕೆಂದು ಅನ್ನಿಸಲೂ ಇಲ್ಲ.

ಆದರೆ ವಾಸ್ತು ಕೇಳಿದ್ದೆವು! ವೈದಿಕದ ಮೌಢ್ಯ ಬೇಡವೆಂದು ವೇದಿಕೆಯ ಮೇಲೆ ಮಾತಾಡುವ ನಾವು, ಈಶಾನ್ಯ ಮೂಲೆಯ ಶೌಚಾಲಯವನ್ನು ಒಡೆಸಿ ನೈಋತ್ಯಕ್ಕೆ ಕಟ್ಟಿಸಿದೆವು. ಅದಕ್ಕೆ ಆದ ಖರ್ಚಿನಲ್ಲಿ ಪಶ್ಚಿಮದ ಗೋಡೆಗೆ ನೆರಳಿನ ಚಜ್ಜಾ, ಮಾಳಿಗೆಗೆ ಸುಣ್ಣ ಎರಡೂ ಆಗುತ್ತಿದ್ದವು. ಸೂರ್ಯ ಎಲ್ಲಿ ಹುಟ್ಟಿ ಎಲ್ಲಿ ಮುಳುಗುತ್ತಾನೆ, ಗಾಳಿ ಯಾವ ತಿಂಗಳು ಯಾವ ದಿಕ್ಕಿನಿಂದ ಬೀಸುತ್ತದೆ ಎಂಬ ನಿಜವಾದ ದಿಕ್ಕಿನ ವಿಚಾರ ಬಿಟ್ಟು, ಇಲ್ಲದ ದಿಕ್ಕಿನ ದೋಷಕ್ಕೆ ದುಡ್ಡು ಸುರಿದೆವು. ನಮ್ಮ ಹಿರಿಯರ ಮಣ್ಣಿನ ಮಾಳಿಗೆ ಮನೆಗಳಲ್ಲಿ ದಪ್ಪ ಗೋಡೆ, ಬೆಳಕಿಂಡಿ, ಸಣ್ಣ ಕಿಟಕಿ ಇದ್ದವು. ಏಪ್ರಿಲ್ ತಿಂಗಳಲ್ಲೂ ಒಳಗೆ ತಂಪಿತ್ತು. ಅವರು ಬಿಸಿಲನ್ನು ಅರಿತು ಕಟ್ಟಿದ್ದರು.

ನಮ್ಮ ಮೊದಲ ಮಹಡಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವರೊಬ್ಬರು ಒಮ್ಮೆ ಬಾಡಿಗೆ ಕೊಡಲು ಬಂದಾಗ ಹೇಳಿದ ಮಾತು ನೆನಪಿದೆ. "ಸರ, ಫ್ಯಾನ್ ಹಾಕಿದ್ರ ಬಿಲ್ಲು, ಹಾಕದಿದ್ರ ಬೆವರು. ಗಾಜು ಕೂಡ್ರಿಸಿದವರು ನೀವು, ಕರೆಂಟ್ ಬಿಲ್ಲು ಕಟ್ಟವರು ನಾವು." ಅವರು ಜಗಳಕ್ಕೆ ಬಂದಿರಲಿಲ್ಲ, ಇದ್ದದ್ದನ್ನು ಹೇಳಿದರು. ವಾಣಿಜ್ಯ ಕಟ್ಟಡಗಳ ರೋಗದ ಮೂಲವೇ ಈ ಮಾತಿನಲ್ಲಿದೆ. ಮಾಳಿಗೆ ಮಾಲೀಕನದು, ಬಿಲ್ಲು ಬಾಡಿಗೆದಾರನದು. ಸೋಲಾರ್ ಹಾಕಿಸಿದರೆ ಖರ್ಚು ತನ್ನದು, ಉಳಿತಾಯ ಅವರದು ಎಂದು ಮಾಲೀಕ ಸುಮ್ಮನಿರುತ್ತಾನೆ. ನಾಳೆ ಅಂಗಡಿ ಬಿಡಿಸಿದರೆ ಹಾಕಿದ ಹಣ ಹೋಯಿತು ಎಂದು ಬಾಡಿಗೆದಾರ ಸುಮ್ಮನಿರುತ್ತಾನೆ. ಇಬ್ಬರ ನಡುವೆ ಬಿಸಿಲು ದಿನವೂ ಹಾಳಾಗುತ್ತದೆ. ಇದನ್ನು ಬಗೆಹರಿಸುವ ಯಂತ್ರ ಯಾವ ಕಂಪನಿಯಲ್ಲೂ ಇಲ್ಲ. ಹಂಚಿಕೊಳ್ಳುವ ಮನಸ್ಸು ಬೇಕು. ಅದಕ್ಕೆ ನಮ್ಮಲ್ಲಿ ಹೆಸರಿದೆ, ದಾಸೋಹ. ಅನ್ನಕ್ಕೆ ಮಾತ್ರ ಅನ್ವಯಿಸಿ ಅದನ್ನು ನಾವೇ ಚಿಕ್ಕದು ಮಾಡಿಕೊಂಡಿದ್ದೇವೆ.

ಎಷ್ಟು ಬೇಕೋ ಅಷ್ಟು

ಹಾಗಾದರೆ ಏನು ಮಾಡಬೇಕು? ಈ ಒಂದು ವರ್ಷ ನಾನು ಕೇಳಿ, ಓದಿ, ಅಳೆದು ತಿಳಿದುಕೊಂಡದ್ದನ್ನು ಹೇಳುತ್ತೇನೆ.

ಮೊದಲನೆಯದು ಬೇಡಿಕೆ ಇಳಿಸುವುದು. ಆಯ್ದಕ್ಕಿ ಮಾರಯ್ಯ ಶರಣರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮಗೆ ಬೇಡ, ಅಲ್ಲೇ ಸುರಿದು ಬನ್ನಿ ಎಂದು ಲಕ್ಕಮ್ಮ ತಾಯಿ ಹಿಂದಕ್ಕೆ ಕಳಿಸಿದ ಪ್ರಸಂಗ ನಮಗೆಲ್ಲ ಗೊತ್ತು. ಸೋಲಾರ್ ಕಂಪನಿಯವರು ಮೊದಲು ಕೇಳುವುದು ನಿಮ್ಮ ಮಾಳಿಗೆ ಎಷ್ಟಿದೆ ಎಂದು. ನಾವು ಮೊದಲು ಕೇಳಿಕೊಳ್ಳಬೇಕಾದದ್ದು ನಮಗೆ ಎಷ್ಟು ಸಾಕು ಎಂದು. ಹಳೆಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ಎಳೆಯುತ್ತದೆ. ಈಗಿನ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟಿನ ಆಸುಪಾಸಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ದಿನಕ್ಕೆ ಹತ್ತು ತಾಸು ತಿರುಗುವ ಅಂಗಡಿಯಲ್ಲಿ ಒಂದು ಫ್ಯಾನಿನಿಂದ ವರ್ಷಕ್ಕೆ 130ಕ್ಕೂ ಹೆಚ್ಚು ಯೂನಿಟ್ ಮಿಗುತ್ತದೆ. ಮಾಳಿಗೆಗೆ ಬಿಳಿ ಬಣ್ಣವೋ ಸುಣ್ಣವೋ ಹೊಡೆದರೆ ಕೆಳಗಿನ ಕೋಣೆಯ ಕಾವು ಇಳಿಯುತ್ತದೆ. ನೆರೆಯ ತೆಲಂಗಾಣ 2023ರಲ್ಲಿ ತಂಪು ಮಾಳಿಗೆಗಾಗಿಯೇ ಒಂದು ನೀತಿ ತಂದು ವಾಣಿಜ್ಯ ಕಟ್ಟಡಗಳನ್ನೂ ಅದರೊಳಗೆ ಸೇರಿಸಿದೆ. ಕಲಬುರಗಿ, ರಾಯಚೂರಿನ ಬಿಸಿಲು ಅಲ್ಲಿಗಿಂತ ಕಡಿಮೆಯೇನಲ್ಲ.

ಎರಡನೆಯದು ಅಳತೆ. ಒಂದು ಕಿಲೋವ್ಯಾಟ್ ಸೋಲಾರಿಗೆ ನೆರಳಿಲ್ಲದ ಸುಮಾರು 100 ಚದರಡಿ ಬೇಕು. ನಮ್ಮ ಸೀಮೆಯ ಬಿಸಿಲಿಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಬರುತ್ತದೆ. ಮೋಡದ ದಿನ ಕಡಿಮೆ, ಮಾರ್ಚಿಯಲ್ಲಿ ಹೆಚ್ಚು. 20 ಕಿಲೋವ್ಯಾಟ್ ಹಾಕಿಸಿದರೆ ವರ್ಷಕ್ಕೆ ಸುಮಾರು 29,000 ಯೂನಿಟ್. ವಾಣಿಜ್ಯ ದರ ಯೂನಿಟ್ಟಿಗೆ ಏಳು ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ ಎರಡು ಲಕ್ಷ ಮಿಗುತ್ತದೆ. ಹಾಕಿದ ಬಂಡವಾಳ ಐದಾರು ವರ್ಷದಲ್ಲಿ ತಿರುಗಿ ಬರುತ್ತದೆ. ಹಲಗೆಗಳಿಗೆ ತಯಾರಕರು ಸಾಮಾನ್ಯವಾಗಿ 25 ವರ್ಷದ ಖಾತರಿ ಕೊಡುತ್ತಾರೆ. ನಡುವೆ ಒಮ್ಮೆ ಇನ್ವರ್ಟರ್ ಬದಲಿಸಬೇಕಾದೀತು. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇಲ್ಲೊಂದು ಎಚ್ಚರ. ಮಾಳಿಗೆ ಇದೆಯೆಂದು ತುಂಬಾ ಹಾಕಿಸಿದರೆ ನಷ್ಟ. ನಾವು ಬಳಸುವ ಯೂನಿಟ್ ಉಳಿಸುವ ಹಣ ದೊಡ್ಡದು. ಬಳಸದೆ ಗ್ರಿಡ್ಡಿಗೆ ಹೋದ ಹೆಚ್ಚುವರಿ ಯೂನಿಟ್ಟಿಗೆ ಸಿಗುವ ದರ ಅದಕ್ಕಿಂತ ಬಹಳ ಕಡಿಮೆ. ಕಲ್ಯಾಣ ಮಂಟಪಕ್ಕಂತೂ ಈ ಲೆಕ್ಕ ಮುಖ್ಯ. ಪಂಚಾಂಗ ನಂಬುವುದಿಲ್ಲ ಎನ್ನುವ ನಮ್ಮವರೂ ಆಷಾಢದಲ್ಲಿ ಮದುವೆ ಇಟ್ಟುಕೊಳ್ಳುವುದಿಲ್ಲವಲ್ಲ. ಆ ತಿಂಗಳು ಮಂಟಪ ಖಾಲಿ, ವಿದ್ಯುತ್ತೂ ಖಾಲಿ. ಆದ್ದರಿಂದ ವರ್ಷವಿಡೀ ನಡೆಯುವ ಖರ್ಚಿನ ಅಳತೆಗೆ ಹಾಕಿಸಬೇಕು: ಬೋರ್‌ವೆಲ್ ಪಂಪು, ಲಿಫ್ಟು, ಓಣಿಯ ದೀಪ, ಕಚೇರಿ.

ಮೂರನೆಯದು ಬಾಡಿಗೆದಾರರ ಪಾಲು. ಎಲ್ಲ ಅಂಗಡಿಗೂ ಬೇರೆ ಬೇರೆ ಮೀಟರು ಇರುವಾಗ ಮಾಲೀಕರೇ ವಿದ್ಯುತ್ ಮಾರುವಂತಿಲ್ಲ. ಆ ಗೊಡವೆಗೆ ಹೋಗಬಾರದು. ಸರಳವಾದ ದಾರಿಯೊಂದಿದೆ. ಬಾಡಿಗೆ ಕರಾರಿನಲ್ಲೇ ಪ್ರತಿ ಅಂಗಡಿಗೆ ಮಾಳಿಗೆಯ ಒಂದಿಷ್ಟು ಜಾಗ ಗೊತ್ತುಮಾಡಿ, ಅವರದೇ ಮೀಟರಿಗೆ ಸಣ್ಣ ಘಟಕ ಹಾಕಿಸಿಕೊಳ್ಳಲು ಒಪ್ಪಿಗೆ ಬರೆದುಕೊಡುವುದು. ಅಂಗಡಿ ಬಿಡುವಾಗ ಇಷ್ಟು ವರ್ಷಕ್ಕೆ ಇಷ್ಟು ಎಂದು ಕಳೆದು ಉಳಿದ ಬೆಲೆಯನ್ನು ಟ್ರಸ್ಟು ವಾಪಸು ಕೊಡುವುದು. ಒಂದೇ ದೊಡ್ಡ ಘಟಕದ ಉತ್ಪಾದನೆಯನ್ನು ಹಲವು ಮೀಟರುಗಳಿಗೆ ಹಂಚುವ 'ವರ್ಚುವಲ್ ನೆಟ್ ಮೀಟರಿಂಗ್' ಎಂಬ ಪದ್ಧತಿಯೂ ಇದೆ. ದೆಹಲಿಯಲ್ಲಿ 2019ರಲ್ಲೇ ಅದಕ್ಕೆ ನಿಯಮ ರೂಪಿಸಿದರು. ನಿಮ್ಮ ಕಟ್ಟಡಕ್ಕೆ ಅದು ಸಿಗುತ್ತದೆಯೇ ಎಂದು ಹೆಸ್ಕಾಂ, ಜೆಸ್ಕಾಂ, ಬೆಸ್ಕಾಂ ಕಚೇರಿಯಲ್ಲಿ ಬರಹದಲ್ಲೇ ಕೇಳಿ. ಕೇಳುವವರು ಹೆಚ್ಚಾದಷ್ಟು ದಾರಿ ಸಲೀಸಾಗುತ್ತದೆ.

ನಾಲ್ಕನೆಯದು ಹಣ. ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯ 78,000 ರೂಪಾಯಿವರೆಗಿನ ಸಹಾಯಧನ ಮನೆಗಳಿಗೆ ಮಾತ್ರ, ಅಂಗಡಿಗಿಲ್ಲ. ಆದರೆ ತೆರಿಗೆ ಕಟ್ಟುವ ವ್ಯಾಪಾರಿಗೆ ಸೋಲಾರ್ ಉಪಕರಣದ ಮೇಲೆ ಶೇ. 40ರ ಸವಕಳಿ ತೋರಿಸಲು ಅವಕಾಶವಿದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯೂ ಶೇ. 12ರಿಂದ 5ಕ್ಕೆ ಇಳಿದಿದೆ. 100 ಕಿಲೋವ್ಯಾಟ್ ದಾಟಿದ ಕಾಲೇಜು, ಆಸ್ಪತ್ರೆ, ಮಿಲ್ಲುಗಳು 2022ರ ಕೇಂದ್ರದ ನಿಯಮದಂತೆ ಬೇರೆ ಕಡೆಯಿಂದ ಹಸಿರು ವಿದ್ಯುತ್ ನೇರವಾಗಿ ಕೊಳ್ಳಲೂಬಹುದು. ಇನ್ನು ಕೆಲವು ಕಂಪನಿಗಳು, ನೀವು ಒಂದು ಪೈಸೆ ಹಾಕಬೇಡಿ, ನಿಮ್ಮ ಮಾಳಿಗೆಯಲ್ಲಿ ನಾವೇ ಹಾಕುತ್ತೇವೆ, 25 ವರ್ಷ ನಮ್ಮಿಂದಲೇ ಯೂನಿಟ್ ಕೊಳ್ಳಿ ಎನ್ನುತ್ತವೆ. ಹಣವಿಲ್ಲದ ಸಂಸ್ಥೆಗೆ ಇದು ಅನುಕೂಲವೇ. ಆದರೆ ದರ ವರ್ಷ ವರ್ಷ ಏರುತ್ತದೆಯೇ, ಬಳಸದ ಯೂನಿಟ್ಟಿಗೂ ಹಣ ಕೊಡಬೇಕೇ, ಮಾಳಿಗೆ ಸೋರಿದರೆ ಯಾರ ಹೊಣೆ, ನಡುವೆ ಬಿಡಬೇಕೆಂದರೆ ದಂಡವೆಷ್ಟು ಎಂಬ ನಾಲ್ಕು ಪ್ರಶ್ನೆಗೆ ಉತ್ತರ ಕರಾರಿನಲ್ಲಿ ಇರದೆ ಸಹಿ ಹಾಕಬಾರದು.

ಕೇಳಿಬರುವ ಆಕ್ಷೇಪಗಳು

"ಕರೆಂಟ್ ಹೋದಾಗ ಸೋಲಾರ್ ಇದ್ದೂ ಕತ್ತಲೆಯಂತಲ್ಲ?" ಎಂದು ನಮ್ಮ ಸಮಿತಿಯ ಹಿರಿಯರೊಬ್ಬರು ಕೇಳಿದರು. ಮಾತು ನಿಜ. ಬ್ಯಾಟರಿ ಇಲ್ಲದ, ಗ್ರಿಡ್ಡಿಗೆ ಜೋಡಿಸಿದ ಘಟಕ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಇಲ್ಲದಿದ್ದರೆ ತಂತಿ ರಿಪೇರಿ ಮಾಡುವ ಲೈನ್‌ಮನ್ನನ ಜೀವಕ್ಕೆ ಅಪಾಯ. ಅದಕ್ಕೆ ತುರ್ತಿನ ದೀಪ, ಫ್ಯಾನುಗಳಿಗೆ ಮಾತ್ರ ಸಣ್ಣ ಬ್ಯಾಟರಿ ಇಟ್ಟುಕೊಳ್ಳಬಹುದು. ಡೀಸೆಲ್ ಜನರೇಟರಿನ ಲೆಕ್ಕವನ್ನೂ ಒಮ್ಮೆ ನೋಡಿ. ಒಂದು ಲೀಟರ್ ಡೀಸೆಲ್ಲಿಗೆ ಹುಟ್ಟುವುದು ಮೂರು, ಮೂರೂವರೆ ಯೂನಿಟ್. ಅಂದರೆ ಯೂನಿಟ್ಟಿಗೆ ಇಪ್ಪತ್ತೈದು ರೂಪಾಯಿಗೂ ಮೇಲೆ. ರಾತ್ರಿ ಆರತಕ್ಷತೆಯ ಜಗಮಗ ದೀಪಕ್ಕೆ ಈ ದರ ಕೊಡುತ್ತಿದ್ದೇವೆ. ಹಗಲಿನಲ್ಲಿ, ವಚನ ಹೇಳಿ, ಸರಳವಾಗಿ ಮದುವೆ ಮಾಡಿ ಎಂಬ ನಮ್ಮ ಚಳವಳಿಯ ಹಳೆಯ ಮಾತು ವಿದ್ಯುತ್ತಿನ ಲೆಕ್ಕದಲ್ಲೂ ಸರಿಯಾಗಿಯೇ ಬರುತ್ತದೆ.

"ಧೂಳು ಕೂತು ಆರು ತಿಂಗಳಿಗೆ ಕೆಡುತ್ತದೆ" ಎನ್ನುವವರೂ ಇದ್ದಾರೆ. ಕೆಡುವುದಿಲ್ಲ, ಆದರೆ ಧೂಳು ಕೂತರೆ ಉತ್ಪಾದನೆ ಇಳಿಯುತ್ತದೆ. ವಾರಕ್ಕೊಮ್ಮೆಯಾದರೂ ಒರೆಸಬೇಕು. ಅದನ್ನು ಒಬ್ಬರ ಸಂಬಳದ ಕೆಲಸವಾಗಿ ಮಾಡಬೇಕೇ ಹೊರತು ಪ್ರಸಾದ ನಿಲಯದ ಹುಡುಗರ ಮೇಲೆ ಹೇರಬಾರದು. ಕೆಟ್ಟ ಹಲಗೆಗಳನ್ನು ಗುಜರಿಗೆ ಹಾಕುವಂತಿಲ್ಲ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಸೋಲಾರ್ ಹಲಗೆಗಳಿಗೂ ಅನ್ವಯಿಸುತ್ತವೆ.

ಇನ್ನೊಂದು ರೋಗ ನಮ್ಮದೇ. ಸೋಲಾರ್ ಹಾಕಿಸಲು ದಾನಿಗಳು ಸಿಗುತ್ತಾರೆ, ಕಲ್ಲಿನಲ್ಲಿ ಹೆಸರು ಕೆತ್ತಿಸುತ್ತೇವೆ, ಉದ್ಘಾಟನೆ ಮಾಡುತ್ತೇವೆ. ಎರಡು ವರ್ಷದ ನಂತರ ಮೀಟರ್ ಓಡುತ್ತಿದೆಯೇ ಎಂದು ನೋಡುವವರಿಲ್ಲ. ತಿಂಗಳಿಗೆ ಎಷ್ಟು ಯೂನಿಟ್ ಬಂತು, ಎಷ್ಟು ಹಣ ಉಳಿಯಿತು, ಅದು ಎಲ್ಲಿಗೆ ಹೋಯಿತು ಎಂಬ ಲೆಕ್ಕವನ್ನು ಮಠದ ಬಾಗಿಲಲ್ಲೇ ಬರೆದು ಹಾಕಬೇಕು. ಶರಣರ ಮಾರ್ಗದಲ್ಲಿ ಲೆಕ್ಕ ಮುಚ್ಚಿಡುವಂಥದ್ದು ಏನೂ ಇರಲಿಲ್ಲ.

"ನಮ್ಮದೊಂದು ಮಾಳಿಗೆಯಿಂದ ಏನಾದೀತು?" ಎಂಬುದು ಕೊನೆಯ ಆಕ್ಷೇಪ. ಟಾಕಿ, ನೆರಳು, ಓಡಾಡುವ ಜಾಗ ಬಿಟ್ಟು ನಮ್ಮಂಥ ಮಾಳಿಗೆಯಲ್ಲಿ 60ರಿಂದ 65 ಕಿಲೋವ್ಯಾಟ್ ಹಿಡಿಸುತ್ತದೆ. ಅಂಥ ಹದಿನೈದು ಹದಿನಾರು ಮಾಳಿಗೆ ಸೇರಿದರೆ ಒಂದು ಮೆಗಾವ್ಯಾಟ್. ಪಾವಗಡದ ಅಳತೆಯಲ್ಲಿ ಒಂದು ಮೆಗಾವ್ಯಾಟಿಗೆ ಆರು ಎಕರೆಗಿಂತ ಹೆಚ್ಚು ನೆಲ ಬೇಕಾಯಿತು. ಒಬ್ಬೊಬ್ಬರು ತಮ್ಮ ಬಳಕೆಯಷ್ಟೇ ಹಾಕಿಸಿದರೂ, ಒಂದು ತಾಲ್ಲೂಕು ಕೇಂದ್ರದ ಮಠ, ಕಾಲೇಜು, ಮಂಟಪ, ಬ್ಯಾಂಕು, ಗೋದಾಮು, ಬಟ್ಟೆ ಅಂಗಡಿಗಳ ಮಾಳಿಗೆ ಸೇರಿ ಎಷ್ಟು ಹೊಲ ಉಳಿದೀತು ಎಂದು ನೀವೇ ಲೆಕ್ಕ ಹಾಕಿ. ದೊಡ್ಡ ಯೋಜನೆಗಳು ಬೇಡವೆನ್ನುತ್ತಿಲ್ಲ; ಕಾರ್ಖಾನೆ, ನಗರಗಳಿಗೆ ಅವೂ ಬೇಕು. ಅವು ಬಂಜರಿಗೆ ಹೋಗಲಿ, ಕಾಲುವೆಗಳ ಮೇಲೆ ಹೋಗಲಿ. ಮಾಳಿಗೆ ತುಂಬುವ ಮುಂಚೆ ಎರೆಹೊಲಕ್ಕೆ ಬರುವುದು ಬೇಡ.

ನಮ್ಮಲ್ಲಿ ಈಗ ಎಲ್ಲಿಗೆ ಬಂದಿದೆ

ಮುಂದಿನ ಸಭೆಯಲ್ಲಿ ನಾನು ಎದ್ದು ನಿಂತು, ನನ್ನ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದೆ. ಕೆಲವರಿಗೆ ಸಿಟ್ಟು ಬಂತು. ಖಚಿತ ಆದಾಯ ಕೈಬಿಡುವುದು ದಾಸೋಹಕ್ಕೇ ಅನ್ಯಾಯವಲ್ಲವೇ ಎಂದು ಒಬ್ಬರು ಕೇಳಿದರು. ಅದು ತೆಗೆದುಹಾಕುವ ಪ್ರಶ್ನೆಯಲ್ಲ. ಆ ಹೊಲದ ಆದಾಯ ಕಡಿಮೆ, ಕೆಲವು ವರ್ಷ ಏನೂ ಇಲ್ಲ. ಪೂಜ್ಯರು ಇಬ್ಬರ ಮಾತನ್ನೂ ಕೇಳಿ, "ಮೊದಲು ಮಾಳಿಗೆಯ ಲೆಕ್ಕ ತನ್ನಿ, ಆಮೇಲೆ ಹೊಲದ ಮಾತು" ಎಂದರು. ಠರಾವು ನಿಂತಿದೆ, ರದ್ದಾಗಿಲ್ಲ.

ಸಾಮಾನ್ಯ ಮೀಟರಿಗೆ 20 ಕಿಲೋವ್ಯಾಟಿನ ಅರ್ಜಿ ಹಾಕಿದ್ದೇವೆ. ಮಾಳಿಗೆಗೆ ಸುಣ್ಣ ಆಗಿದೆ. ಪಶ್ಚಿಮದ ಗಾಜಿಗೆ ಹೊರಗಿನಿಂದ ನೆರಳು ಕಟ್ಟಿಸುತ್ತಿದ್ದೇವೆ. ನನ್ನ ತಪ್ಪಿಗೆ ನಾನೂ ಒಂದು ಪಾಲು ಕೊಟ್ಟಿದ್ದೇನೆ. ಹೊಲಿಗೆಯವರೂ ಸೇರಿ ಮೂವರು ಬಾಡಿಗೆದಾರರು ಹೊಸ ಕರಾರಿಗೆ ಒಪ್ಪಿದ್ದಾರೆ, ಉಳಿದವರು ನೋಡೋಣ ಎಂದಿದ್ದಾರೆ. ಉಳಿಯುವ ಹಣದಲ್ಲಿ ಮೊದಲ ಪಾಲು ಆ ಹೊಲಕ್ಕೆ ಬದು, ಕೃಷಿಹೊಂಡಕ್ಕೆ ಹೋಗಬೇಕೆಂದು ನಾನು ಕೇಳಿಕೊಂಡಿದ್ದೇನೆ. ನೀರು ನಿಂತರೆ ಬೆಳೆ ನಿಲ್ಲುತ್ತದೆ, ಬೆಳೆ ನಿಂತರೆ ಹದಿನೈದು ಮಂದಿಯ ಕಾಯಕ ನಿಲ್ಲುತ್ತದೆ. ಸಮಿತಿ ಇನ್ನೂ ಒಪ್ಪಿಲ್ಲ.

ಈ ಪತ್ರಿಕೆ ತಲುಪುವ ಮಠಗಳ ಪೂಜ್ಯರಲ್ಲಿ, ಟ್ರಸ್ಟುಗಳ ಹಿರಿಯರಲ್ಲಿ, ಅಂಗಡಿ ಕಟ್ಟಿಸಿ ಬಾಡಿಗೆಗೆ ಕೊಟ್ಟ ನಮ್ಮ ವ್ಯಾಪಾರಿ ಬಂಧುಗಳಲ್ಲಿ ನನ್ನದೊಂದೇ ಬಿನ್ನಹ. ಮುಂದಿನ ಸಭೆಗೆ ಮೊದಲು ಎಲ್ಲರೂ ಸೇರಿ ನಿಮ್ಮ ಕಟ್ಟಡದ ಮಾಳಿಗೆ ಹತ್ತಿ, ಮಧ್ಯಾಹ್ನ ಹನ್ನೆರಡರ ಬಿಸಿಲಿಗೆ. ಕಳೆದ ಹನ್ನೆರಡು ತಿಂಗಳ ವಿದ್ಯುತ್ ಬಿಲ್ಲು ಕೈಯಲ್ಲಿರಲಿ. ಬಾಡಿಗೆದಾರರಲ್ಲಿ ಒಬ್ಬರನ್ನಾದರೂ ಜೊತೆಗೆ ಕರೆದುಕೊಳ್ಳಿ. ಹೊಲದ ಮಾತು ಬಂದರೆ, ಆ ಹೊಲದಲ್ಲಿ ದುಡಿಯುವವರನ್ನೂ ಸಭೆಗೆ ಕರೆಯಿರಿ. ಅವರಿಗೆ ಕುರ್ಚಿ ಹಾಕಿ.

ಆ ಹೆಣ್ಣುಮಗಳು ಈಗಲೂ ದಾರಿಯಲ್ಲಿ ಸಿಕ್ಕರೆ, "ಏನಾತ್ರಿ ಯಜಮಾನ್ರ?" ಎಂದು ಕೇಳುತ್ತಾಳೆ. ಈ ಹಿಂಗಾರಿಗೆ ಕಡಲೆ ಬಿತ್ತನೆಗೆ ಬಾರವ್ವ ಎಂದಷ್ಟೇ ಹೇಳಿದ್ದೇನೆ. ಅದರ ಮುಂದಿನ ಹಿಂಗಾರಿನ ಮಾತು ಕೊಡಲು ನನಗೆ ಇನ್ನೂ ಆಗಿಲ್ಲ.